ಬೇರೆ ಊರಿನ ಹುರಿಯಾಳು, ನಮ್ಮೂರಿನ ನಾಮಪತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳಿವೆ. ಯಾವ ವಾರ್ಡಿಗೆ ನಿಂತರೂ ಅಭ್ಯರ್ಥಿಯ ಹೆಸರು ಇದೇ ಅವಳಿ ನಗರದ ಮತದಾರರ ಪಟ್ಟಿಯಲ್ಲಿ ಇರಬೇಕು. ಪಕ್ಕದ ಕುಂದಗೋಳದಿಂದ ಬಂದು ನಿಲ್ಲುವ ಹಾಗಿಲ್ಲ. ವಿಧಾನಸಭೆಯ ಬಾಗಿಲು ಇದಕ್ಕಿಂತ ಅಗಲ. ಬೀದರಿನಲ್ಲಿ ಓಟು ಇದ್ದವರೂ ಕಲಘಟಗಿಯಲ್ಲಿ ನಿಲ್ಲಬಹುದು, ರಾಜ್ಯ ಮಾತ್ರ ಕರ್ನಾಟಕವೇ ಆಗಿರಬೇಕು. ಲೋಕಸಭೆಗೆ ಬಂದರೆ ಈ ಗೆರೆಯೂ ಇಲ್ಲ. ಜೈಸಲ್ಮೇರಿನ ಮತದಾರ ಧಾರವಾಡದಿಂದ ಸಂಸತ್ತಿಗೆ ಹೋಗಬಹುದು, ಅದಕ್ಕಾಗಿ ಇಲ್ಲಿ ಒಂದು ದಿನವೂ ವಾಸ ಮಾಡಿರಬೇಕಿಲ್ಲ.

ಗಟಾರು, ನಳ, ಬೀದಿದೀಪ ನೋಡಿಕೊಳ್ಳುವವರು ಊರಿನವರೇ ಆಗಬೇಕು, ದೇಶದ ಕಾನೂನು ಮಾಡುವವರು ಎಲ್ಲಿಯವರಾದರೂ ಆದೀತು ಎಂಬುದು ಇದರ ಹಿಂದಿನ ತರ್ಕ. ಕಾಗದದ ಮೇಲೆ ಒಪ್ಪುವಂಥದ್ದೇ. ಆದರೆ ಚುನಾವಣೆ ಬಂತೆಂದರೆ ನಮ್ಮ ಭಾಗದಲ್ಲಿ ಕೇಳುವ ಮೊದಲ ಮಾತು ಬೇರೆ: ‘ಅವ್ರು ಎಲ್ಲಿಯವರ್ರೀ? ಗೆದ್ದ ಮ್ಯಾಲೆ ಕೈಗೆ ಸಿಗ್ತಾರೇನ್ರೀ?’ ಕಾನೂನು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಕೇಳುತ್ತದೆ, ಅದೂ ಪಟ್ಟಿಯ ಒಂದು ನಮೂದಿನ ಮಟ್ಟಿಗೆ. ಎರಡನೆಯದನ್ನು ಯಾವ ಅರ್ಜಿಯಲ್ಲೂ ಯಾರೂ ಕೇಳುವುದಿಲ್ಲ. ಊರು ಬಿಟ್ಟು ಬಂದು ನಿಲ್ಲುವವರ ಕುರಿತ ಗದ್ದಲವೆಲ್ಲ ಹುಟ್ಟುವುದು ಈ ಎರಡರ ನಡುವಿನ ಸಂದಿನಲ್ಲಿ.

ಮೊದಲು ಕಾನೂನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 4ನೇ ಕಲಮು ಲೋಕಸಭೆಯದ್ದು. ದೇಶದ ಯಾವುದಾದರೊಂದು ಲೋಕಸಭಾ ಕ್ಷೇತ್ರದ ಮತದಾರರಾಗಿದ್ದು 25 ವರ್ಷ ತುಂಬಿದ್ದರೆ ಆಯಿತು. ಈ ಔದಾರ್ಯಕ್ಕೆ ಕೆಲವೇ ಅಪವಾದಗಳಿವೆ: ಸಿಕ್ಕಿಂ, ಲಕ್ಷದ್ವೀಪ, ಅಸ್ಸಾಮಿನ ಸ್ವಾಯತ್ತ ಜಿಲ್ಲೆಗಳ ಕ್ಷೇತ್ರ. ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಉಳಿದ ಕಡೆ ಮೈದಾನ ಬಯಲು. 5ನೇ ಕಲಮು ವಿಧಾನಸಭೆಯದ್ದು, 6ನೆಯದು ವಿಧಾನ ಪರಿಷತ್ತಿನದ್ದು. ಇವೆರಡಕ್ಕೂ ಆ ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರು ಬೇಕೇ ಬೇಕು. ಹಾಗಾಗಿ ನಿಜವಾಗಿ ಮನೆ ಬದಲಿಸಬೇಕಾದವರು ಬೇರೆ ರಾಜ್ಯದ ವಿಧಾನಸಭೆಗೋ ಪರಿಷತ್ತಿಗೋ ಹೊರಟವರು ಮಾತ್ರ.

ನಮ್ಮ ಕಡೆಯಿಂದ ಅಂಥ ದಾರಿ ಇರುವುದು ಗೋವಾಕ್ಕೆ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಿಂದ ದುಡಿಯಲು ಹೋದವರು ವಾಸ್ಕೋ ಸುತ್ತಮುತ್ತ ಎರಡು ಮೂರು ತಲೆಮಾರಿನಿಂದ ನೆಲೆಸಿದ್ದಾರೆ. ಅವರ ಮತ ನಂಬಿ ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಗೋವಾ ವಿಧಾನಸಭೆಗೆ ನಿಲ್ಲುವ ಮನಸ್ಸು ಮಾಡಿದರೆನ್ನಿ. ಅವರ ಮೊದಲ ಕೆಲಸ ನಮೂನೆ 8. ಹೊಸ ಮತದಾರರಿಗೆ ನಮೂನೆ 6, ವಾಸ ಬದಲಿಸಿದವರಿಗೆ ನಮೂನೆ 8. 2022ರ ಆಗಸ್ಟಿನಿಂದ ವ್ಯವಸ್ಥೆ ಹೀಗಿದೆ. ಇಲ್ಲಿ ಆಗಲೇ ಹೆಸರಿದ್ದವರು ಅಲ್ಲಿ ನಮೂನೆ 6 ತುಂಬಿದರೆ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಸುಳ್ಳು ಬರೆದುಕೊಟ್ಟ ಹಾಗಾಗುತ್ತದೆ. 1950ರ ಇನ್ನೊಂದು ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಡಿ ಅದಕ್ಕೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಎದುರಾಳಿಗಳು ಮೊಟ್ಟಮೊದಲು ಹುಡುಕುವುದೂ ಇದನ್ನೇ. ಎರಡು ರಾಜ್ಯದ ಪಟ್ಟಿಯಲ್ಲಿ ಒಂದೇ ಮುಖ ಸಿಕ್ಕರೆ ಮರುದಿನ ಪತ್ರಿಕಾಗೋಷ್ಠಿ ಖಾತ್ರಿ.

ವಿಳಾಸದ ದಾಖಲೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಚುನಾವಣಾ ಆಯೋಗ ಒಪ್ಪುವುದು ಇವನ್ನು: ಕನಿಷ್ಠ ಒಂದು ವರ್ಷದ ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕು ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ಜಮೀನಿನ ಕಂದಾಯ ದಾಖಲೆ, ನೋಂದಾಯಿತ ಬಾಡಿಗೆ ಕರಾರು, ನೋಂದಾಯಿತ ಖರೀದಿ ಪತ್ರ. ‘ನೋಂದಾಯಿತ’ ಎಂಬುದನ್ನು ಗಮನಿಸಬೇಕು. ನಾವೆಲ್ಲ ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ, ನೋಟರಿ ಸಿಕ್ಕೆ ಹಾಕಿಸಿಕೊಳ್ಳುವ 11 ತಿಂಗಳ ಕರಾರು ಈ ಸಾಲಿನಲ್ಲಿ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದ ಕರಾರೇ ಬೇಕು.

ದಾಖಲೆ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1950ರ ಕಾಯ್ದೆ ಕೇಳುವುದು ‘ಸಾಮಾನ್ಯವಾಗಿ ವಾಸ’. ಅದರ 20ನೇ ಕಲಮು ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳುತ್ತದೆ: ಒಂದೂರಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ವಾಸಿ ಆಗುವುದಿಲ್ಲ. ಮಡಗಾಂವಿನಲ್ಲಿ ಫ್ಲಾಟ್ ಖರೀದಿಸಿ ಬೀಗ ಹಾಕಿ ಬಂದವರು ಗೋವಾದ ವಾಸಿಗಳಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಮನೆಗೆ ಬರುತ್ತಾರೆ, ಪಕ್ಕದ ಮನೆಯಲ್ಲಿ ವಿಚಾರಿಸುತ್ತಾರೆ, ಅರ್ಜಿಯನ್ನು ಏಳು ದಿನ ಆಕ್ಷೇಪಣೆಗೆ ಇಡುತ್ತಾರೆ. ಬೀಗ ಕಂಡರೆ ವರದಿಯಲ್ಲಿ ಹಾಗೆಯೇ ಬರೆಯುತ್ತಾರೆ.

ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕೆ 10 ದಿನ ಮೊದಲು ಬಂದ ಅರ್ಜಿಗಳನ್ನಷ್ಟೇ ಆ ಚುನಾವಣೆಯ ಪಟ್ಟಿಗೆ ಪರಿಗಣಿಸುವುದು ಆಯೋಗದ ಪದ್ಧತಿ. ನಾಮಪತ್ರದ ಗಡುವು ದಾಟಿದ ಮೇಲೆ ಪಟ್ಟಿ ಮುಟ್ಟುವ ಹಾಗೇ ಇಲ್ಲ. 2024ರ ಲೋಕಸಭೆಯಲ್ಲಿ ನಮ್ಮ ಭಾಗದ ಲೆಕ್ಕ ನೋಡಿ: ಏಪ್ರಿಲ್ 12ಕ್ಕೆ ಅಧಿಸೂಚನೆ, 19ಕ್ಕೆ ನಾಮಪತ್ರದ ಕೊನೆಯ ದಿನ, 20ಕ್ಕೆ ಪರಿಶೀಲನೆ, 22ಕ್ಕೆ ವಾಪಸಾತಿ, ಮೇ 7ಕ್ಕೆ ಮತದಾನ. ಅಂದರೆ ಅಧಿಸೂಚನೆ ಹೊರಡುವ ಮೊದಲೇ, ಏಪ್ರಿಲ್ 9ರ ಹೊತ್ತಿಗೆ ಪಟ್ಟಿಯ ಬಾಗಿಲು ಮುಚ್ಚಿತ್ತು. ‘ಟಿಕೆಟ್ ಪಕ್ಕಾ ಆಗ್ಲಿ, ಆಮ್ಯಾಲೆ ಹೆಸರು ಬದಲಿಸಿದರಾತು’ ಎಂದು ಕೂತವರು ಕೆಡುವುದು ಇಲ್ಲೇ. ಟಿಕೆಟ್ ಯಾವಾಗಲೂ ಕೊನೆಯ ವಾರದಲ್ಲೇ ಪಕ್ಕಾ ಆಗುವುದು.

ಮೀಸಲು ಕ್ಷೇತ್ರದ ವಿಷಯದಲ್ಲಿ ಗಂಟು ಇನ್ನೂ ಬಿಗಿ. ಗದಗ ಜಿಲ್ಲೆಯ ತಾಂಡಾಗಳ ಲಂಬಾಣಿಗರನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅದೇ ಸಮುದಾಯ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ, ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ಬರುತ್ತಾರೆ. ವಿಧಾನಸಭೆಯ ಮೀಸಲು ಸ್ಥಾನಕ್ಕೆ ‘ಆ ರಾಜ್ಯದ’ ಪಟ್ಟಿಯಲ್ಲಿರುವ ಜಾತಿಯೇ ಬೇಕು. ಆದ್ದರಿಂದ ಶಿರಹಟ್ಟಿಯ ಲಂಬಾಣಿ ಮುಖಂಡರೊಬ್ಬರು ಪುಣೆಯಲ್ಲಿ 20 ವರ್ಷ ನೆಲೆಸಿದ್ದರೂ ಮಹಾರಾಷ್ಟ್ರ ವಿಧಾನಸಭೆಯ ಪರಿಶಿಷ್ಟ ಜಾತಿ ಕ್ಷೇತ್ರದಲ್ಲಿ ನಿಲ್ಲಲಾಗದು. ಅದೇ ಮುಖಂಡರು ಸೊಲ್ಲಾಪುರ ಲೋಕಸಭಾ ಮೀಸಲು ಕ್ಷೇತ್ರಕ್ಕೆ ನಿಲ್ಲಬಹುದು! ಲೋಕಸಭೆಯ 4ನೇ ಕಲಮು ‘ಆ ರಾಜ್ಯದ ಅಥವಾ ಬೇರೆ ಯಾವುದೇ ರಾಜ್ಯದ’ ಪರಿಶಿಷ್ಟ ಜಾತಿ ಎಂದು ಬಿಡಿಸಿ ಹೇಳಿದೆ. ಕರ್ನಾಟಕದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆ. ಠೇವಣಿಯಲ್ಲೂ ಅರ್ಧ ರಿಯಾಯಿತಿ: ಲೋಕಸಭೆಗೆ 25,000 ರೂಪಾಯಿ ಬದಲು 12,500. ವಿಧಾನಸಭೆಗಾದರೆ 10,000ದ ಜಾಗದಲ್ಲಿ 5,000. ಒಂದೇ ಜಾತಿ ಪ್ರಮಾಣಪತ್ರ ಒಂದು ಸದನಕ್ಕೆ ಕೀಲಿಕೈ, ಇನ್ನೊಂದಕ್ಕೆ ಬರೀ ಕಾಗದ. ಇದನ್ನು ತಿಳಿಯದೆ ಟಿಕೆಟ್‌ಗಾಗಿ ಓಡಾಡಿ ಹಣ ಕಳೆದುಕೊಳ್ಳುವುದಕ್ಕಿಂತ ಮೊದಲು ಒಬ್ಬ ಒಳ್ಳೆಯ ವಕೀಲರನ್ನು ಕಾಣುವುದು ಅಗ್ಗ.

ಇನ್ನು ನಾಮಪತ್ರ. ಹೊರಗಿನ ಅಭ್ಯರ್ಥಿಗೆ ಸ್ಥಳೀಯರಿಗಿಲ್ಲದ ಒಂದು ಕಾಗದ ಹೆಚ್ಚು ಬೇಕು: ತನ್ನ ಹೆಸರಿರುವ ಮತದಾರರ ಪಟ್ಟಿಯ ಪ್ರಮಾಣೀಕೃತ ಪ್ರತಿ. 33ನೇ ಕಲಮಿನ 5ನೇ ಉಪಕಲಮು ಇದನ್ನು ಕಡ್ಡಾಯ ಮಾಡಿದೆ. ನಾಮಪತ್ರದ ಜೊತೆಗೇ ಕೊಡಬೇಕು, ತಪ್ಪಿದರೆ ಪರಿಶೀಲನೆಯ ಹೊತ್ತಿಗಾದರೂ ಮೇಜಿನ ಮೇಲಿರಬೇಕು. ನಮ್ಮ ಪಟ್ಟಿಯ ಒಂದು ಪುಟದಲ್ಲಿ ಅಡ್ಡ ಮೂರು, ಉದ್ದ ಹತ್ತರಂತೆ 30 ಚೌಕಗಳಿರುತ್ತವೆ. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಆ 30ರಲ್ಲಿ ಒಂದು ಚೌಕ ಅಭ್ಯರ್ಥಿಯದ್ದು. ಆ ಪುಟದ ಮೇಲೆ ಆತನ ಊರಿನ ಮತದಾರರ ನೋಂದಣಿ ಅಧಿಕಾರಿಯ ಸಹಿ, ಸಿಕ್ಕೆ, ತಾರೀಖು ಇರಬೇಕು. ವೆಬ್‌ಸೈಟಿನಿಂದ ತೆಗೆದ ಪ್ರಿಂಟಿಗೆ ಈ ಬೆಲೆ ಇಲ್ಲ.

ಎಡವಟ್ಟು ಆಗುವುದು ಸಂಖ್ಯೆಗಳಲ್ಲಿ. ಪ್ರತಿ ವರ್ಷದ ಪರಿಷ್ಕರಣೆಯಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ ಬದಲಾಗಬಹುದು. ಹೋದ ಚುನಾವಣೆಯ ಕಡತದಿಂದ ನಕಲು ಮಾಡಿದ ಸಂಖ್ಯೆ ನಾಮಪತ್ರದಲ್ಲಿ, ಹೊಸದು ಪ್ರಮಾಣೀಕೃತ ಪ್ರತಿಯಲ್ಲಿ, ಎರಡೂ ತಾಳೆಯಾಗುವುದಿಲ್ಲ. ಇಂಥ ಬರವಣಿಗೆಯ ತಪ್ಪನ್ನು ತಿದ್ದಿಸಲು ಇಲ್ಲವೇ ಕಡೆಗಣಿಸಲು ಚುನಾವಣಾಧಿಕಾರಿಗೆ ಅಧಿಕಾರವಿದೆ. ಆದರೆ ಪ್ರತಿಯೇ ಇಲ್ಲದಿದ್ದರೆ ಯಾವ ಕರುಣೆಯೂ ನಡೆಯದು. ಊರು ಪಾಟ್ನಾ, ಕಚೇರಿ ಧಾರವಾಡದ ಡಿ.ಸಿ. ಆಫೀಸು, ಪರಿಶೀಲನೆ ನಾಳೆ ಬೆಳಿಗ್ಗೆ. ವಿಮಾನದಲ್ಲಿ ಆಳು ಕಳಿಸಿ ತರಿಸುವಂಥ ಪರಿಸ್ಥಿತಿ ತಂದುಕೊಳ್ಳದಿರಲು ಅನುಭವಿ ಏಜೆಂಟರು ಒಂದೇ ದಿನ ಮೂರ್ನಾಲ್ಕು ಪ್ರಮಾಣೀಕೃತ ಪ್ರತಿ ಮಾಡಿಸಿ ಇಟ್ಟುಕೊಳ್ಳುತ್ತಾರೆ.

ನಾಮಪತ್ರಕ್ಕೆ ಸಹಿ ಹಾಕಿ ಅಭ್ಯರ್ಥಿಯ ಹೆಸರು ಸೂಚಿಸುವ ಸೂಚಕರ ಸಂಗತಿಯಲ್ಲಿ ನಮ್ಮ ಭಾಗಕ್ಕೇ ವಿಶಿಷ್ಟವಾದ ಒಂದು ಬಲೆ ಇದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಮಂದಿ. ಬೇರೆ ರಾಜ್ಯದಲ್ಲಿ ಮಾನ್ಯತೆ ಇದ್ದು ಕರ್ನಾಟಕದಲ್ಲಿ ಇಲ್ಲದ ಪಕ್ಷದವರಿಗೂ 10. ಅವರೆಲ್ಲ ಅದೇ ಕ್ಷೇತ್ರದ ಮತದಾರರಾಗಿರಬೇಕು. ಹಾವೇರಿ ಲೋಕಸಭೆಗೆ ನಿಂತ ಹೊರಗಿನವರು ಹಾವೇರಿ ಜಿಲ್ಲೆಯ ಹತ್ತು ಜನರ ಸಹಿ ತೆಗೆದುಕೊಂಡರು, ಅದರಲ್ಲಿ ಇಬ್ಬರು ಶಿಗ್ಗಾಂವಿಯವರು ಅಂದುಕೊಳ್ಳಿ. ನಾಮಪತ್ರ ಅಲ್ಲಿಗೇ ಬಿತ್ತು. ಶಿಗ್ಗಾಂವಿ, ಅದರೊಳಗಿನ ಸವಣೂರು ಜಿಲ್ಲೆಯಿಂದ ಹಾವೇರಿ, ಲೋಕಸಭೆಗೆ ಮಾತ್ರ ಧಾರವಾಡ. ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ಹಾವೇರಿ ಲೋಕಸಭೆಗೆ ಸೇರಿವೆ. ಅದೇ ಜಿಲ್ಲೆಯ ನರಗುಂದ ಬಾಗಲಕೋಟೆಗೆ ಹೋಗಿದೆ. ಜಿಲ್ಲೆಯ ನಕಾಶೆ ನೋಡಿ ಸಹಿ ಹಾಕಿಸಿದವರಿಗೆ ಇದು ತಿಳಿಯುವುದು ಪರಿಶೀಲನೆಯ ಮೇಜಿನ ಮುಂದೆ. ಇದಕ್ಕೆ ಮದ್ದು ಉಂಟು. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ನಾಲ್ಕಕ್ಕೂ ಬೇರೆ ಬೇರೆ ಸೂಚಕರಿದ್ದರೆ ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ.

ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಎ ಫಾರಂ, ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈಸೇರಬೇಕು, ಮೇಲೆ ಪೆನ್ನಿನ ಅಸಲು ಸಹಿ ಇರಬೇಕು. ವಾಟ್ಸಾಪಿನಲ್ಲಿ ಬಂದದ್ದು, ಜೆರಾಕ್ಸ್ ಆದದ್ದು ನಡೆಯದು. ಆಸ್ತಿ, ಮೊಕದ್ದಮೆಗಳ ವಿವರ ಕೊಡುವ ಅಫಿಡವಿಟ್ಟಿನ ನಮೂನೆ 26ರಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡುವ ಹಾಗಿಲ್ಲ, ಹೇಳಲು ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು; 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಬೇರೆ ರಾಜ್ಯದಲ್ಲೋ ದೆಹಲಿಯಲ್ಲೋ ಸರಕಾರಿ ಬಂಗಲೆಯಲ್ಲಿದ್ದು ಬಂದವರಾದರೆ ಹಿಂದಿನ 10 ವರ್ಷದ ಬಾಡಿಗೆ, ನೀರು, ಕರೆಂಟು, ಫೋನಿನ ಬಾಕಿ ಇಲ್ಲವೆಂಬ ಪತ್ರವನ್ನೂ ಅಲ್ಲಿಂದಲೇ ತರಿಸಬೇಕು. ಕೊನೆಯ ವಾರದಲ್ಲಿ ಇದಕ್ಕೆ ಓಡಾಡುವವರ ಪಾಡು ದೇವರಿಗೇ ಪ್ರೀತಿ.

ಇವೆಲ್ಲ ಸರಿಯಾಗಿದ್ದೂ ಮರೆತುಹೋಗುವುದು ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞಾವಿಧಿ. ನಾಮಪತ್ರವನ್ನು ಸೂಚಕರೂ ಸಲ್ಲಿಸಬಹುದು, ಪ್ರತಿಜ್ಞೆಯನ್ನು ಮಾತ್ರ ಅಭ್ಯರ್ಥಿಯೇ ಮಾಡಬೇಕು. ಅದೂ ನಾಮಪತ್ರ ಸಲ್ಲಿಸಿದ ಮೇಲೆ, ಪರಿಶೀಲನೆಯ ಹಿಂದಿನ ದಿನ ಮುಗಿಯುವುದರೊಳಗೆ. ಕೊನೆಯ ದಿನ ಸೂಚಕರ ಕೈಯಲ್ಲಿ ಕಾಗದ ಕಳಿಸಿ, ತಾವು ನಾಳೆ ಬಂದರಾಯಿತು ಎಂದುಕೊಂಡ ದೂರದ ಅಭ್ಯರ್ಥಿಗೆ ‘ನಾಳೆ’ ಎಂಬುದು ಉಳಿದಿರುವುದಿಲ್ಲ.

ಪರಿಶೀಲನೆಯ ಮೇಜಿನ ಮುಂದೆ ಎದುರಾಳಿಯ ವಕೀಲರು ‘ಇವರು ಈ ವಿಳಾಸದಲ್ಲಿ ವಾಸವೇ ಇಲ್ಲ’ ಎಂದು ಎಷ್ಟೇ ಕೂಗಿದರೂ ಸಾಮಾನ್ಯವಾಗಿ ಫಲವಿಲ್ಲ. ಪಟ್ಟಿಯ ಪ್ರಮಾಣೀಕೃತ ನಮೂದು ಅಲ್ಲಿ ಅಂತಿಮ ಸಾಕ್ಷ್ಯ. ಚುನಾವಣಾಧಿಕಾರಿ ಅದರ ಹಿಂದೆ ಹೋಗಿ ವಾಸದ ವಿಚಾರಣೆ ನಡೆಸುವುದಿಲ್ಲ. ತಕರಾರು ಇದ್ದವರು ಪಟ್ಟಿ ತಯಾರಾಗುವಾಗಲೇ ಆಕ್ಷೇಪಿಸಬೇಕಿತ್ತು. ನಾಮಪತ್ರದ ಬೇರೆ ದೋಷಗಳ ಮೇಲೆ ಹೋರಾಡುವುದಿದ್ದರೆ ಫಲಿತಾಂಶದ ನಂತರ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಅದರ ಭದ್ರತಾ ಠೇವಣಿ ಇಂದಿಗೂ 2,000 ರೂಪಾಯಿಯೇ. ವಕೀಲರ ಫೀ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ.

ರಾಜ್ಯಸಭೆಯ ಕಥೆ ಒಂದು ಕಾಲಕ್ಕೆ ಬೇರೆ ಇತ್ತು. 2003ರವರೆಗೆ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಬೇಕಾದವರು ಕರ್ನಾಟಕದ ಮತದಾರರಾಗಿರಬೇಕಿತ್ತು. ಹಾಗಾಗಿ ದೊಡ್ಡ ನಾಯಕರು ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ತೋರಿಸಿ ಹೆಸರು ನೋಂದಾಯಿಸುವುದು ರೂಢಿಯಾಗಿತ್ತು. 1991ರಿಂದ ಅಸ್ಸಾಮನ್ನು ಪ್ರತಿನಿಧಿಸಿದ ಮನಮೋಹನ್ ಸಿಂಗ್ ಅವರದ್ದು ಗುವಾಹಟಿಯ ಬಾಡಿಗೆ ಮನೆಯ ವಿಳಾಸ. 2003ರ ತಿದ್ದುಪಡಿ ‘ಆ ರಾಜ್ಯದ’ ಎಂಬುದನ್ನು ತೆಗೆದು ‘ಭಾರತದ’ ಎಂದು ಹಾಕಿತು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಪ್ರಶ್ನಿಸಿದರು, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕರ್ನಾಟಕದ 12 ಸ್ಥಾನಗಳಲ್ಲಿ ಆಗಲೂ ಈಗಲೂ ಹೊರಗಿನ ಹೆಸರುಗಳಿಗೆ ಬರವಿಲ್ಲ: ವೆಂಕಯ್ಯ ನಾಯ್ಡು ಮೂರು ಬಾರಿ, ನಿರ್ಮಲಾ ಸೀತಾರಾಮನ್ 2016 ಮತ್ತು 2022ರಲ್ಲಿ, ಅಜಯ್ ಮಾಕನ್ 2024ರಲ್ಲಿ. ಪಕ್ಷ ಯಾವುದೆಂಬ ಭೇದ ಇದರಲ್ಲಿಲ್ಲ. 2016ರಲ್ಲಿ ನಾಲ್ಕನೇ ಸಲಕ್ಕೆ ವೆಂಕಯ್ಯ ನಾಯ್ಡು ಹೆಸರು ಬಂದಾಗ ಕನ್ನಡಿಗರು ಜಾಲತಾಣಗಳಲ್ಲಿ ‘ಸಾಕು’ ಎಂದರು. ಅವರು ಕೊನೆಗೆ ರಾಜಸ್ಥಾನದಿಂದ ಆಯ್ಕೆಯಾದರು. ನಾಲ್ಕು ಸ್ಥಾನಕ್ಕೆ ಚುನಾವಣೆ ನಡೆದಾಗ 224 ಶಾಸಕರಲ್ಲಿ 45 ಜನರ ಮೊದಲ ಪ್ರಾಶಸ್ತ್ಯದ ಮತ ಸಿಕ್ಕರೆ ಗೆಲುವು ನಿಶ್ಚಿತ. ಜನರ ಮುಂದೆ ನಿಲ್ಲುವ ಪ್ರಶ್ನೆಯೇ ಇಲ್ಲದ್ದರಿಂದ ಆ ಒಂದು ಸಿಟ್ಟು ಅಪವಾದವೇ ಸರಿ. ರಾಜ್ಯಗಳ ಸದನವೆಂದು ಕರೆಯುತ್ತ ರಾಜ್ಯದ ನಂಟನ್ನೇ ಕಿತ್ತುಹಾಕಿದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಬಾಡಿಗೆ ಮನೆಯ ನಾಟಕಕ್ಕಿಂತ ಈಗಿನದ್ದು ಪ್ರಾಮಾಣಿಕ.

ಲೋಕಸಭೆಗೆ ಬಂದವರಿಗೆ ಆ ಸೌಲಭ್ಯವಿಲ್ಲ, ಅವರು ಬೂತಿಗೆ ಇಳಿಯಬೇಕು. ಒಂದು ವಿಧಾನಸಭಾ ಕ್ಷೇತ್ರದಲ್ಲಿ 200ರ ಮೇಲೆ ಮತಗಟ್ಟೆ, ಲೋಕಸಭೆಗೆ ಎಂಟು ವಿಧಾನಸಭೆ. ಪ್ರತಿ ಮತಗಟ್ಟೆಗೆ ಒಬ್ಬ ಏಜೆಂಟ್, ಬದಲಿಗೆ ಇಬ್ಬರು. ಈ ಏಜೆಂಟರು ಅದೇ ವಿಧಾನಸಭಾ ಕ್ಷೇತ್ರದ ಮತದಾರರೇ ಆಗಬೇಕು, ಹೊರಗಿನಿಂದ ಬಸ್ಸು ತುಂಬಿ ತಂದ ಹುಡುಗರು ಇದಕ್ಕೆ ಬರುವುದಿಲ್ಲ. ಓಣಿಯ ಮುಖ ಗುರುತಿದ್ದವರಿಗಷ್ಟೇ ಇದು ಸಾಧ್ಯವಾದ ಕೆಲಸ: ಪಟ್ಟಿ ಹಿಡಿದು ಕೂತು, ಸತ್ತವರ ಹೆಸರಲ್ಲಿ ಯಾರಾದರೂ ಬಂದರೆ ತಡೆಯಬೇಕು, ಮಧ್ಯಾಹ್ನ 2ಕ್ಕೆ ಇನ್ನೂ ಬಾರದ ಮನೆಗಳನ್ನು ಮತಗಟ್ಟೆಯ ಹೊರಗೆ ನಿಂತ ತಮ್ಮ ಹುಡುಗರಿಗೆ ತಿಳಿಸಬೇಕು. ಹೀಗಾಗಿ ಹೊರಗಿನ ಅಭ್ಯರ್ಥಿ ಮೊದಲ ದಿನದಿಂದಲೇ ಸ್ಥಳೀಯ ಶಾಸಕರ ಕೈಯಲ್ಲಿರುತ್ತಾರೆ. ಶಾಸಕರಿಗೆ ಮನಸ್ಸಿದ್ದರೆ ಬೂತು ಓಡುತ್ತದೆ, ಇಲ್ಲದಿದ್ದರೆ ವೇದಿಕೆ ಮೇಲೆ ಹಾರ, ಬೂತಿನಲ್ಲಿ ಖಾಲಿ ಕುರ್ಚಿ.

ಇದಕ್ಕೆ ತದ್ವಿರುದ್ಧದ ನಿದರ್ಶನ ನಮ್ಮಲ್ಲೇ ಇದೆ. 2023ರಲ್ಲಿ ಧಾರವಾಡ ವಿಧಾನಸಭಾ ಕ್ಷೇತ್ರದಲ್ಲಿ ವಿನಯ್ ಕುಲಕರ್ಣಿ ನ್ಯಾಯಾಲಯದ ಷರತ್ತಿನಿಂದಾಗಿ ಜಿಲ್ಲೆಯೊಳಗೆ ಕಾಲಿಡದೆ ಗೆದ್ದರು. ಪ್ರಚಾರವನ್ನು ಪತ್ನಿ ಮತ್ತು ಕಾರ್ಯಕರ್ತರು ನಡೆಸಿದರು. ಅಭ್ಯರ್ಥಿ ಇಲ್ಲದೆಯೂ ಬೂತು ಓಡುತ್ತದೆ, ಬೂತಿನವರು ಇಲ್ಲದೆ ಅಭ್ಯರ್ಥಿ ಓಡುವುದಿಲ್ಲ.

ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಆಗ ಕ್ಷೇತ್ರದ ಮತದಾರರಲ್ಲದ ಕಾರ್ಯಕರ್ತರು, ಮುಖಂಡರು ಜಾಗ ಖಾಲಿ ಮಾಡಬೇಕು. ಹುಬ್ಬಳ್ಳಿಯ ಲಾಡ್ಜು, ಕಲ್ಯಾಣಮಂಟಪಗಳನ್ನು ಪೊಲೀಸರು ತಪಾಸಿಸುವುದು ಆಗಲೇ. ಅಭ್ಯರ್ಥಿಗೂ ಅವರ ಚುನಾವಣಾ ಏಜೆಂಟರಿಗೂ ಇದರಿಂದ ವಿನಾಯಿತಿ ಇದೆ, ಅವರ ಓಟು ಇಲ್ಲಿರಬೇಕಿಲ್ಲ. ಜೊತೆಗೆ ಬಂದ ತಂಡಕ್ಕೆ ವಿನಾಯಿತಿ ಇಲ್ಲ. ಹೊರಗಿನ ಹುರಿಯಾಳು ನಿಜವಾಗಿ ಒಂಟಿಯಾಗುವುದು ಆ ಎರಡು ದಿನ. ಮತದಾನದ ದಿನ ಟಿವಿಯವರಿಗೆ ಬೆರಳಿನ ಶಾಯಿ ತೋರಿಸಲೂ ಆಗದು, ಓಟು ಬೇರೆಡೆ ಇದೆ.

ಭಾಷೆಯ ಸವಾಲು ದೊಡ್ಡದೇ, ಸೋಲು ಗೆಲುವನ್ನು ಮಾತ್ರ ಅದೊಂದೇ ತೀರ್ಮಾನಿಸದು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ನಿಂತ ಹರಿಯಾಣದ ಸುಷ್ಮಾ ಸ್ವರಾಜ್ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಜನ ಮೆಚ್ಚಿದರು. ಸುಮಾರು 56 ಸಾವಿರ ಮತಗಳಿಂದ ಗೆದ್ದವರು ಸೋನಿಯಾ. ಇಬ್ಬರೂ ಹೊರಗಿನವರಾಗಿದ್ದರಿಂದ ಆ ಆರೋಪಕ್ಕೆ ಬೆಲೆಯೇ ಇರಲಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯನ್ನು ಹೊರಗಿನವರ ಕಥೆಯಾಗಿ ಹೇಳುವಾಗ ಬಹಳ ಜನ ಇಂದಿರಾ ಗಾಂಧಿಯವರನ್ನು ಮಾತ್ರ ನೆನೆಯುತ್ತಾರೆ. ಎದುರಾಳಿ ವೀರೇಂದ್ರ ಪಾಟೀಲರೂ ಚಿಕ್ಕಮಗಳೂರಿನವರಲ್ಲ, ಕಲಬುರಗಿ ಕಡೆಯ ಚಿಂಚೋಳಿಯವರು. ಅವರೇ 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಹೋದರು. ಇಂದಿರಾ ಗಾಂಧಿ ಅದೇ ವರ್ಷ ರಾಯ್‌ಬರೇಲಿ, ಮೇದಕ್ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು.

ನಮ್ಮವರು ಹೊರಗೆ ಹೋಗಿ ಗೆದ್ದದ್ದನ್ನು ಹೇಳುವಾಗ ಮಾತ್ರ ನಮಗೆ ಈ ತಕರಾರು ನೆನಪಾಗುವುದಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು, 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. 1984ರಲ್ಲಿ ತವರು ರಾಜ್ಯಕ್ಕೆ ಬಂದು ಬೆಂಗಳೂರು ಉತ್ತರದಲ್ಲಿ ನಿಂತಾಗ ಜಾಫರ್ ಷರೀಫರ ಎದುರು ಸೋತರು. ಬಿಹಾರ ಒಪ್ಪಿಕೊಂಡವರನ್ನು ಕರ್ನಾಟಕ ಒಪ್ಪಲಿಲ್ಲ.

ಹೊರಗಿನವರೆಂಬ ಕೂಗಿಗೆ ರಾಜ್ಯದ ಗಡಿಯೇ ಬೇಕಿಲ್ಲ. 2024ರಲ್ಲಿ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಬೆಳಗಾವಿಗೆ ಹೋದಾಗ ಅವರು ಹೊರಗಿನವರಾದರು, ಬೆಂಗಳೂರಿನ ವಿ. ಸೋಮಣ್ಣ ತುಮಕೂರಿನಲ್ಲಿ ಹೊರಗಿನವರಾದರು. ಇಬ್ಬರೂ ಗೆದ್ದರು. ಅದೇ ಸೋಮಣ್ಣ ಒಂದು ವರ್ಷದ ಹಿಂದೆ ವರುಣ, ಚಾಮರಾಜನಗರ ಎರಡರಲ್ಲೂ ಸೋತಿದ್ದರು. ಕೂಗು ಎರಡು ಸಲವೂ ಒಂದೇ, ಫಲಿತಾಂಶ ಬೇರೆ. ಪಕ್ಷಗಳು ಹೊರಗಿನವರನ್ನು ತರುವುದು ಎರಡು ಮೂರು ಕಾರಣಕ್ಕೆ: ನಾಯಕರಿಗೆ ಸುರಕ್ಷಿತ ಸ್ಥಾನ ಬೇಕು, ಇಲ್ಲವೇ ಅವರ ಹೆಸರಿನಿಂದ ಸುತ್ತಲಿನ ಕ್ಷೇತ್ರಗಳಿಗೂ ಗಾಳಿ ಬೀಸಬೇಕು, ಇಲ್ಲವೇ ಇಬ್ಬರು ಸ್ಥಳೀಯ ಆಕಾಂಕ್ಷಿಗಳ ಜಗಳ ಬಗೆಹರಿಯುತ್ತಿಲ್ಲ. ಮೂರನೆಯದು ಹೊರಗೆ ಕಾಣುವುದಿಲ್ಲ, ನಡೆಯುವುದು ಅದೇ ಹೆಚ್ಚು. ‘ಅವಂಗ ಕೊಟ್ರ ನಾ ಮಾಡಂಗಿಲ್ಲ’ ಎಂಬವರಿಬ್ಬರೂ ಮೂರನೆಯವರಿಗೆ ಒಪ್ಪುವುದು ಐದು ವರ್ಷದ ನಂತರ ಜಾಗ ಖಾಲಿಯಾಗುತ್ತದೆಂಬ ಆಸೆಯಿಂದ.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲೇ ಇದೆ. ಕಾಂಗ್ರೆಸ್ಸಿನ ಯಾವ ಸದನಕ್ಕಾದರೂ ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ನಿವಾಸಿಯಾಗಿರಬೇಕು. ಇಷ್ಟು ವರ್ಷ ವಾಸವಿರಬೇಕೆಂಬ ಷರತ್ತಿಲ್ಲ. ರಾಜ್ಯಗಳು ತಾವಾಗಿ ಹೊಸ ಅರ್ಹತೆ ಸೇರಿಸುವಂತೆಯೂ ಇಲ್ಲ, 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಹಿಲರಿ ಕ್ಲಿಂಟನ್ 1999ರಲ್ಲಿ ನ್ಯೂಯಾರ್ಕ್ ರಾಜ್ಯದ ಚಾಪಕ್ವಾದಲ್ಲಿ ಮನೆ ಕೊಂಡು 2000ದಲ್ಲಿ ಸೆನೆಟ್ ಗೆದ್ದರು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಆಗಿದ್ದ ಸ್ಕಾಟ್ ಬ್ರೌನ್ 2012ರಲ್ಲಿ ಅಲ್ಲಿ ಸೋತು, ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ 2014ರಲ್ಲಿ ಅಲ್ಲೂ ಸೋತರು. 2022ರಲ್ಲಿ ಪೆನ್ಸಿಲ್ವೇನಿಯಾದಿಂದ ನಿಂತ ಟಿವಿ ವೈದ್ಯ ಮೆಹ್ಮತ್ ಓಜ್ ಅವರನ್ನು ಎದುರಾಳಿ ಜಾನ್ ಫೆಟರ್ಮನ್ ನ್ಯೂಜೆರ್ಸಿಯವರೆಂದು ಕೊನೆಯವರೆಗೂ ಕುಟುಕಿ ಗೆದ್ದರು. ರಾಜ್ಯ ಮಟ್ಟದ ಹುದ್ದೆಗಳಿಗೆ ಆಯಾ ರಾಜ್ಯದ ನಿಯಮ ಬಿಗಿ. ಪತ್ರಕರ್ತ ನಿಕೊಲಸ್ ಕ್ರಿಸ್ಟೊಫ್ ಆರೆಗನ್‌ನ ಗವರ್ನರ್ ಸ್ಥಾನಕ್ಕೆ ನಿಲ್ಲಲು ಹೊರಟಾಗ ಮೂರು ವರ್ಷದ ವಾಸ ಆಗಿಲ್ಲವೆಂದು 2022ರಲ್ಲಿ ತಡೆಬಿತ್ತು. 2020ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಓಟು ಹಾಕಿದ್ದು ಅವರಿಗೇ ಮುಳುವಾಯಿತು. ಅಲ್ಲೂ ಮಾತು ಕಡೆಗೆ ಮತದಾರರ ಪಟ್ಟಿಗೇ ಬಂತು.

ಗೆದ್ದ ಮೇಲಿನ ಮಾತಿಗೆ ಬರೋಣ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಲೋಕಸಭೆಯವರು ಅದನ್ನು ತಮ್ಮ ಕ್ಷೇತ್ರದಲ್ಲಿ, ರಾಜ್ಯಸಭೆಯವರು ಆಯ್ಕೆಯಾದ ರಾಜ್ಯದಲ್ಲಿ ಖರ್ಚು ಮಾಡಬೇಕು. ಮೂರು ತಿಂಗಳಿಗೊಮ್ಮೆ ಜಿಲ್ಲಾ ದಿಶಾ ಸಮಿತಿಯ ಸಭೆ ನಡೆಯಬೇಕು, ಲೋಕಸಭಾ ಸದಸ್ಯರು ಅದರ ಅಧ್ಯಕ್ಷರು. ಜಲಜೀವನ ಕಾಮಗಾರಿ ಯಾಕೆ ನಿಂತಿದೆ, ಉದ್ಯೋಗ ಖಾತ್ರಿಯ ಕೂಲಿ ಎಲ್ಲಿ ತಡೆದಿದೆ ಎಂದು ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಕೇಳುವ ಜಾಗ ಅದು. ಇದರ ಮೇಲೆ ದಿನನಿತ್ಯದ ಕಾಗದಗಳು: ಆಸ್ಪತ್ರೆಯ ನೆರವಿಗೆ ಪ್ರಧಾನಿ ಪರಿಹಾರ ನಿಧಿಯ ಶಿಫಾರಸು, ರೈಲಿನ ತುರ್ತು ಕೋಟಾದ ಚೀಟಿ. ಒಬ್ಬ ಆಪ್ತ ಸಹಾಯಕ, ಒಂದು ಫೋನು, ಸಹಿ ಮಾಡಿದ ಲೆಟರ್‌ಹೆಡ್ಡು ಇರುವ ಕಚೇರಿ ಹುಬ್ಬಳ್ಳಿಯಲ್ಲೋ ಗದಗದಲ್ಲೋ ಇದ್ದರೆ ಸಂಸದರ ಹುಟ್ಟೂರು ಯಾವುದೆಂದು ಯಾರೂ ಕೇಳುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದು, ಗೆದ್ದ ಮೇಲೆ ಬೆಂಗಳೂರು ಸೇರಿದವರಿಗೆ ಸ್ಥಳೀಯರೆಂಬ ರಿಯಾಯಿತಿ ಕೊಡುವುದೂ ನ್ಯಾಯವಲ್ಲ.

ನನ್ನ ದೃಷ್ಟಿಯಲ್ಲಿ ಸಿಟ್ಟು ಮಾಡಬೇಕಾದ ಜಾಗ ಬೇರೆಯೇ ಇದೆ: ಎರಡು ಕಡೆ ನಿಲ್ಲುವ ಅವಕಾಶ. 1996ರ ತಿದ್ದುಪಡಿಗೆ ಮೊದಲು ಎಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬಹುದಿತ್ತು, ಆಮೇಲೆ ಎರಡಕ್ಕೆ ಮಿತಿ ಬಂತು. ಎರಡೂ ಗೆದ್ದರೆ 14 ದಿನದೊಳಗೆ ಒಂದು ಬಿಡಬೇಕು, ಬಿಟ್ಟದ್ದಕ್ಕೆ ಆರು ತಿಂಗಳೊಳಗೆ ಉಪಚುನಾವಣೆ. 1999ರಲ್ಲಿ ಸೋನಿಯಾ ಗಾಂಧಿ ಅಮೇಠಿ ಉಳಿಸಿಕೊಂಡರು, ಬಳ್ಳಾರಿಯವರು ಮತ್ತೆ ಸಾಲಿನಲ್ಲಿ ನಿಂತರು. 2014ರಲ್ಲಿ ನರೇಂದ್ರ ಮೋದಿ ವಾರಾಣಸಿ ಉಳಿಸಿಕೊಂಡರು, ವಡೋದರಾದವರು ನಿಂತರು. 2024ರಲ್ಲಿ ರಾಹುಲ್ ಗಾಂಧಿ ರಾಯ್‌ಬರೇಲಿ ಉಳಿಸಿಕೊಂಡರು, ವಯನಾಡಿನವರು ಏಪ್ರಿಲ್‌ನಲ್ಲಿ ಹಾಕಿದ ಓಟನ್ನು ನವೆಂಬರ್ 13ರಂದು ಮತ್ತೆ ಹಾಕಿದರು. ವಡೋದರಾ ಒಂದನ್ನು ಬಿಟ್ಟರೆ ಇಲ್ಲಿ ಬಿಟ್ಟುಹೋದದ್ದು ದೂರದ ಕ್ಷೇತ್ರವನ್ನೇ.

ಚುನಾವಣಾ ಆಯೋಗ 2004ರಲ್ಲೇ ಒಂದು ಪ್ರಸ್ತಾವ ಕಳಿಸಿತ್ತು: ಒಬ್ಬರಿಗೆ ಒಂದೇ ಕ್ಷೇತ್ರ ಮಾಡಿ. ಅದಾಗದಿದ್ದರೆ ಸ್ಥಾನ ಬಿಟ್ಟು ಉಪಚುನಾವಣೆ ತಂದವರಿಂದ ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿ ಕಟ್ಟಿಸಿಕೊಳ್ಳಿ. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಒಂದೇ ಕ್ಷೇತ್ರ ಸಾಕೆಂದಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯವೆಂದು ಹೇಳಿ, ಎರಡು ಕಡೆ ನಿಲ್ಲುವುದನ್ನು ಪ್ರಶ್ನಿಸಿದ ಅರ್ಜಿ ವಜಾ ಮಾಡಿತು. ಎರಡು ಕಡೆ ನಿಂತು ಗೆದ್ದವರು ಎಲ್ಲ ದೊಡ್ಡ ಪಕ್ಷಗಳಲ್ಲೂ ಇರುವುದರಿಂದ ಆ ಪ್ರಸ್ತಾವವನ್ನು ಸದನದಲ್ಲಿ ಯಾರು ಮಂಡಿಸುತ್ತಾರೆ ಎಂಬುದು ಹಾಗೆಯೇ ಉಳಿದಿದೆ.